ಪಾನಪ್ರಿಯರಿಗೆ ಉಡುಗೊರೆ

ಕೊಡುವವನು ದೇಶ, ಕಾಲ, ಪಾತ್ರ ಎಂಬ ಮೂರನ್ನು ನೋಡಿ ಕೊಡಬೇಕೆಂಬುದು ನಮ್ಮ ಹಿರಿಯರ ವಿಧಿ. ಇವುಗಳಲ್ಲಿ ಮೊದಲೆರಡರ ಅರ್ಥ ಸುಲಭವಾದುದು. ಮೂರನೆಯದು ಮಾತ್ರ ಸ್ವಲ್ಪ ಯೋಚನೆಗೆ ಹಚ್ಚುವಂಥದು. ಪಾತ್ರವೆಂದರೆ ದಾನವನ್ನು ಪಡೆಯಲು ಯೋಗ್ಯನಾದವನು; ಪಾತ್ರವೆಂದರೆ ನೀರು ಹಾಲುಗಳನ್ನು ತುಂಬಿಡುವ ಪಾತ್ರೆಯೂ ಹೌದು. ವೈಯಾಕರಣರು ಈ ಶಬ್ದವನ್ನು 'ಪಾ' ಎಂಬ ಪಾನಾರ್ಥಕವಾದ ಧಾತುವಿನಿಂದ ಸಾಧಿಸುತ್ತಾರೆ. ಯಾವುದರಿಂದ ಕುಡಿಯುತ್ತೇವೆಯೋ ಅದು ಪಾತ್ರ. ಧರ್ಮಶಾಸ್ತ್ರದವರು ಇನ್ನೊಂದು ನಿರುಕ್ತಿಯನ್ನು ಹೇಳುವುದುಂಟು. ಪತನದಿಂದ ತ್ರಾಣಮಾಡುವುದು, ಎಂದರೆ ಬೀಳುವವನನ್ನು ಕಾಪಾಡುವುದು ಯಾವುದೋ ಅದೇ ಪಾತ್ರ. ವ್ಯಾಕರಣದ ತಕ್ಕಡಿಯಲ್ಲಿ ಈ ಎರಡನೆಯದು ಹಗುರವಾದುದೇ ಸರಿ. ಆದರೂ ಅದರಲ್ಲೊಂದು ಸೊಗಸಿದೆಯೆಂದು ನಾನು ತರಗತಿಯಲ್ಲಿ ಮೂವತ್ತು ವರ್ಷಕಾಲ ಹೇಳುತ್ತ ಬಂದೆ. ಕುಡಿಯುವ ಪಾತ್ರೆಯೂ ಬೀಳದಂತೆ ಕಾಯುವ ಪಾತ್ರವೂ ಒಂದೇ ವಸ್ತುವಿನಲ್ಲಿ ಕೂಡಬಹುದೇ ಎಂದು ವಿಚಾರಮಾಡುವ ಸಂದರ್ಭ ಒದಗಿದ್ದು ಮಾತ್ರ ನಿವೃತ್ತನಾದಮೇಲೆ; ಅದೂ ಮದ್ಯದ ವಿಷಯದಲ್ಲಿ!

ನನ್ನ ತಂಗಿಯ ಮಗಳು ಗಂಡನೊಡನೆ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಸಂಸಾರ ಹೂಡಿದ್ದಾಳೆ. ಕಳೆದ ಬೇಸಗೆಯಲ್ಲಿ ಊರಿಗೆ ಬಂದಿದ್ದವಳು ಹಿಂದಿರುಗುವುದಕ್ಕೆ ವಾರವೊಂದಿರುವಾಗ ನನ್ನ ಬಳಿ ಕುಳಿತು, "ಮಾವ, ಅಲ್ಲಿ ನಮ್ಮನ್ನು ಮನೆಮಕ್ಕಳಂತೆ ನೋಡಿಕೊಂಡ ನೆರೆಯವರಿದ್ದಾರೆ. ನನ್ನ ಬಾಣಂತನದಲ್ಲಿ ಅಮ್ಮ ಬರುವುದು ತಡವಾದಾಗ ಆ ಅಜ್ಜಿಯೇ ಗಂಜಿ ಕಾಯಿಸಿ ತಂದರು. ಅವರಿಗೆಲ್ಲ ಏನಾದರೂ ಒಯ್ಯಬೇಕು. ಅಜ್ಜನಿಗೆ ದ್ರಾಕ್ಷಾರಸವೆಂದರೆ ಪ್ರಾಣ. ಅವರ ಮಗನಿಗೆ ಬೀರು. ಸೊಸೆಗೆ ನಾಲ್ಕಾರು ಬಗೆ ಬೆರೆಸಿಮಾಡುವ ಕಾಕ್‌ಟೇಲು. ಅವರ ಅಭಿರುಚಿಗೆ ಒಪ್ಪುವಂಥದಾಗಿರಬೇಕು, ನೋಡುವುದಕ್ಕೂ ಅಂದವಾಗಿರಬೇಕು. ನೀವೇ ಹೇಳಿ" ಎಂದಳು. ಒಳಗಿನಿಂದ ನನ್ನ ತಂಗಿ, "ಅಣ್ಣನನ್ನು ಕೇಳುವ ಮಾತೇನೇ ಅದು!" ಎಂದು ಗದರಿದಳು.

ತಂಗಿಯ ಆಕ್ಷೇಪ ನಿರಾಧಾರವಾದುದಲ್ಲ. ನಾನು ಮದ್ಯವನ್ನು ನಾಲಗೆಗೆ ಮುಟ್ಟಿಸಿದವನಲ್ಲ. ಅಷ್ಟೇ ಆಗಿದ್ದರೆ ಅದು ನನ್ನ ಆಚಾರದ ಮಾತಾಗಿ ಮುಗಿಯುತ್ತಿತ್ತು. ಆದರೆ ನಾನು ಮೊದಲು ಕೆಲಸಮಾಡಿದ ಹಳ್ಳಿಯ ಶಾಲೆಗೆ ಕೂಗಳತೆಯಲ್ಲಿ ಸಾರಾಯಿ ಅಂಗಡಿಯಿದ್ದಿತು. ಅಮರಕೋಶದ ಒಂದು ವರ್ಗವನ್ನು ಎರಡು ದಿನದಲ್ಲಿ ಕಂಠಪಾಠಮಾಡಿ ಒಪ್ಪಿಸುತ್ತಿದ್ದ ಹುಡುಗನೊಬ್ಬನನ್ನು ಅವನ ತಂದೆಯ ಸಾಲಕ್ಕಾಗಿ ಹೋಟೆಲಿನಲ್ಲಿ ಲೋಟ ತೊಳೆಯಲು ಕಳುಹಿಸಿದುದನ್ನು ನಾನು ಕಣ್ಣಾರೆ ಕಂಡೆನು. ಅವನ ತಾಯಿಯ ಕಾಲುಂಗುರವೂ ಆ ಅಂಗಡಿಯ ಪೆಟ್ಟಿಗೆಗೇ ಸೇರಿತು. 2007ರ ಜುಲೈ ತಿಂಗಳಿನಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷಿದ್ಧವಾಯಿತು. ಆ ಅಂಗಡಿಯೂ ಮುಚ್ಚಿತು. ಆದರೆ ಅದೇ ಬೀದಿಯಲ್ಲಿ ಬಣ್ಣದ ಚೀಟಿಯ ಬಾಟಲಿಗಳು ಬಂದು ನಿಂತವು. ಇದನ್ನೆಲ್ಲ ಕಂಡವನು ಪಾನಪ್ರಿಯರಿಗೆ ಅಂದವಾದ ಉಡುಗೊರೆಯನ್ನು ಸೂಚಿಸಬಹುದೇ? ಸೂಚಿಸಲಾರೆನೆಂದರೆ, ಬಾಣಂತಿಗೆ ಗಂಜಿ ತಂದುಕೊಟ್ಟ ಆ ಮನೆಯವರಿಗೆ ನಮ್ಮ ಋಣ ಸಲ್ಲುವುದೆಂತು? ಹುಡುಗಿಗೆ, "ಎರಡು ದಿನ ಕಾಲಾವಕಾಶ ಕೊಡಮ್ಮ" ಎಂದೆನು.

ಹಳೆಯ ಗ್ರಂಥಗಳನ್ನು ತಿರುವಿಹಾಕಿದರೆ, ನಮ್ಮ ಪೂರ್ವಿಕರು ಈ ವಿಷಯದಲ್ಲಿ ಕಣ್ಣುಮುಚ್ಚಿ ಕುಳಿತವರಲ್ಲವೆಂಬುದು ತಿಳಿಯುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗಾಗಿಯೇ ಒಂದು ಅಧ್ಯಾಯವಿದೆ. ಪಾನಗೃಹದಲ್ಲಿ ಬೇರೆಬೇರೆ ಕೋಣೆಗಳಿರಬೇಕು, ಹಾಸಿಗೆ ಪೀಠಗಳಿರಬೇಕು, ಗಂಧಮಾಲ್ಯಗಳೂ ಋತುವಿಗೆ ತಕ್ಕ ನೀರೂ ಇರಬೇಕು ಎಂದು ಅವನು ವಿಧಿಸುತ್ತಾನೆ. ನಡತೆ ಗೊತ್ತಿರುವವರು ಮಾತ್ರ ಸ್ವಲ್ಪ ಪ್ರಮಾಣದಲ್ಲಿ ಹೊರಗೆ ಕೊಂಡೊಯ್ಯಬಹುದು. ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿದುದು ಇನ್ನೊಂದು ನಿಯಮ: ಮತ್ತರಾಗಿ ಮಲಗಿದ ಗಿರಾಕಿಗಳ ಒಡವೆ ವಸ್ತ್ರ ಹೊನ್ನುಗಳು ಕಳೆದುಹೋದರೆ ಅದನ್ನು ಪಾನಗೃಹದ ವ್ಯಾಪಾರಿಯೇ ತುಂಬಿಕೊಡಬೇಕು. ಕುಡಿದವನ ಮೇಲೆ ಎಷ್ಟು ಹೊಣೆಯೋ ಕೊಟ್ಟವನ ಮೇಲೂ ಅಷ್ಟು ಹೊಣೆಯೆಂಬುದು ಇದರ ತಾತ್ಪರ್ಯ. ಉಡುಗೊರೆ ಕೊಡುವವರೂ ಇದನ್ನು ನೆನೆಯುವುದು ಒಳ್ಳೆಯದು.

ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮದಾತ್ಯಯವೆಂಬ ರೋಗದ ಪ್ರಕರಣವಿದೆ. ಅತಿಪಾನದಿಂದಾಗುವ ವಿಕಾರಗಳನ್ನು ಹೇಳಹೊರಟ ಆಚಾರ್ಯನು ಮೊದಲು ಪಾನದ ವಿಧಿಯನ್ನೇ ವಿವರಿಸುತ್ತಾನೆ. ಶುಚಿಯಾದ ಸ್ಥಳ, ಸುಗಂಧ, ಹಿತವಾದ ಆಹಾರ, ಚಿನ್ನ ಬೆಳ್ಳಿ ಮಣಿಗಳ ಪಾತ್ರೆಗಳು, ಒಳ್ಳೆಯ ಜೊತೆ, ಇವುಗಳನ್ನೆಲ್ಲ ಎಣಿಸಿ, ವಿಧಿಯಿಂದ ಮಿತದಿಂದ ಕಾಲದಲ್ಲಿ ಸೇವಿಸಿದುದು ಅಮೃತದಂತೆ, ತಪ್ಪಿದರೆ ಅದೇ ವಿಷದಂತೆ ಎನ್ನುತ್ತಾನೆ. ವೈದ್ಯನಿಗೆ ಪಾತ್ರೆಯ ಗೊಡವೆಯೇಕೆ? ಒಳ್ಳೆಯ ಪಾತ್ರೆಯನ್ನು ಹಿಡಿದವನು ಗಟಗಟನೆ ಗುಟುಕರಿಸುವುದಿಲ್ಲ. ನೋಡುತ್ತಾನೆ, ಮೂಸುತ್ತಾನೆ, ಮಾತನಾಡುತ್ತಾನೆ. ಪಾತ್ರೆಯ ಚೆಲುವು ಕೈಯನ್ನು ನಿಧಾನಗೊಳಿಸುತ್ತದೆ. ವೈದ್ಯನು ಇದನ್ನು ಕಂಡುಕೊಂಡಿದ್ದನೆಂದು ನನಗೆ ತೋರುತ್ತದೆ.

ಕಾಳಿದಾಸನ ಶಾಕುಂತಲದ ಆರನೆಯ ಅಂಕದ ಆರಂಭದಲ್ಲಿ ಉಂಗುರದೊಡನೆ ಸಿಕ್ಕಿಬಿದ್ದ ಬೆಸ್ತನಿಗೆ ಕಡೆಗೆ ರಾಜನ ಪಾರಿತೋಷಕ ದೊರೆಯುತ್ತದಷ್ಟೆ. ಅದುವರೆಗೂ ಅವನನ್ನು ಕೊಲ್ಲಲು ಕೈ ತುರಿಸುತ್ತಿದ್ದ ರಾಜಭಟರಿಗೆ ಅವನು ಅದರಲ್ಲಿ ಅರ್ಧವನ್ನು ಕೊಡುತ್ತಾನೆ. ಎಲ್ಲರೂ ಕೂಡಿ ಸ್ನೇಹ ಬೆಳೆಸಲು ಹೆಂಡದಂಗಡಿಗೆ ನಡೆಯುತ್ತಾರೆ. ಬಹುಮಾನದ ಹಣವೆಲ್ಲ ಹೀಗೆ ಹೋಯಿತೋ ಏನೋ, ಬೆಸ್ತನ ಹೆಂಡತಿಯ ಮಾತನ್ನು ಕವಿ ನಮಗೆ ಕೇಳಿಸಲಿಲ್ಲ.

ಕೊಡುಗೆಯ ಒಳ್ಳೆಯ ಮುಖವನ್ನೂ ಕೆಟ್ಟ ಮುಖವನ್ನೂ ಒಂದೇ ಮನೆತನದಲ್ಲಿ ಕಾಣಬೇಕೆಂದರೆ ಮೊಗಲರ ಇತಿಹಾಸವನ್ನು ನೋಡಬೇಕು. ಅಕ್ಬರನ ಮಗ ದಾನಿಯಾಲನು ಬುರಹಾನಪುರದಲ್ಲಿದ್ದಾಗ ಪಾನದಿಂದ ಕೃಶನಾಗಿದ್ದನು. ತಂದೆಯ ಆಜ್ಞೆಯಂತೆ ಕಾವಲು ಹಾಕಿ ಮದ್ಯವನ್ನು ತಡೆದಿದ್ದರು. ಅವನು ತನ್ನ ಬಂದೂಕುಗಾರನೊಬ್ಬನನ್ನು ಅತ್ತು ಕರೆದು ಬೇಡಿಕೊಳ್ಳಲು, ಅವನು ಬಂದೂಕಿನ ನಳಿಗೆಯಲ್ಲೇ ಮದ್ಯವನ್ನು ತುಂಬಿ ಒಳಗೆ ತಂದುಕೊಟ್ಟನು. ನಳಿಗೆಯ ತುಕ್ಕೂ ಮದ್ದಿನ ಕಿಲುಬೂ ಅದರಲ್ಲಿ ಕರಗಿದ್ದಿತು. ಅದನ್ನು ಕುಡಿದ ರಾಜಕುಮಾರನು 1605ರಲ್ಲಿ ಮೂವತ್ತಮೂರು ತುಂಬುವ ಮೊದಲೇ ತೀರಿಕೊಂಡನು. ಆ ಬಂದೂಕಿಗೆ ಅವನೇ ಪ್ರೀತಿಯಿಂದ ಶವದ ಚಟ್ಟವೆಂಬರ್ಥ ಬರುವ ಹೆಸರಿಟ್ಟಿದ್ದನಂತೆ. ಇದನ್ನು ಬರೆದಿಟ್ಟವನು ಅವನ ಅಣ್ಣ ಜಹಾಂಗೀರನು. ಬಂದೂಕುಗಾರನೂ ಯಜಮಾನನ ಮೇಲಿನ ಅಕ್ಕರೆಯಿಂದಲೇ ಕೊಟ್ಟಿರಬಹುದು. ಬೇಡಿದುದನ್ನು ಬೇಡಿದೊಡನೆ ಕೊಟ್ಟದ್ದು ಉಡುಗೊರೆಯಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಘೋರವಾದ ನಿದರ್ಶನವನ್ನು ನಾನು ಬೇರೆಲ್ಲಿಯೂ ಓದಿಲ್ಲ.

ಜಹಾಂಗೀರನೇನೂ ಪಾನದಿಂದ ದೂರವಿದ್ದವನಲ್ಲ. ದಿನಕ್ಕೆ ಇಪ್ಪತ್ತು ಬಟ್ಟಲಿಗೆ ಏರಿದ್ದೆನೆಂದೂ, ಕೈ ನಡುಗಿ ಬೇರೆಯವರು ಬಟ್ಟಲು ಹಿಡಿದು ಕುಡಿಸಬೇಕಾಯಿತೆಂದೂ, ಹಕೀಮನು ಹೆದರಿಸಿದಮೇಲೆ ಕ್ರಮವಾಗಿ ಆರಕ್ಕೆ ಇಳಿಸಿದೆನೆಂದೂ ಅವನೇ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆದರೆ ಅವನು ಕೊಟ್ಟ ಉಡುಗೊರೆಯೊಂದು ನೆನೆಯತಕ್ಕುದು. ಇಂಗ್ಲೆಂಡಿನ ರಾಯಭಾರಿಯಾಗಿ ಬಂದಿದ್ದ ಸರ್ ಥಾಮಸ್ ರೋ ಎಂಬಾತನು 1616ರ ಸೆಪ್ಟೆಂಬರಿನಲ್ಲಿ ಅಜ್ಮೀರದಲ್ಲಿದ್ದನು. ಬಾದಷಹನ ಹುಟ್ಟುಹಬ್ಬದ ದಿನ ಮುಚ್ಚಳವೂ ತಟ್ಟೆಯೂ ಇದ್ದ, ವೈಡೂರ್ಯ ಮಾಣಿಕ್ಯಗಳನ್ನು ಕೆತ್ತಿದ ಚಿನ್ನದ ಬಟ್ಟಲಿನಲ್ಲಿ ಅವನಿಗೆ ಪಾನವನ್ನು ಕಳುಹಿಸಲಾಯಿತು. ಅದರ ತೀಕ್ಷ್ಣತೆಗೆ ರೋ ಸೀನಿಬಿಟ್ಟನು; ಬಾದಷಹನು ನಕ್ಕು, ಒಣದ್ರಾಕ್ಷಿ ಬಾದಾಮಿ ನಿಂಬೆಹಣ್ಣಿನ ಹೋಳುಗಳನ್ನು ತರಿಸಿ, ಬಟ್ಟಲು ಮುಚ್ಚಳ ತಟ್ಟೆಗಳನ್ನು ಅವನಿಗೇ ಕೊಟ್ಟನು. ಪಾನವು ಒಂದು ಸೀನಿನಲ್ಲಿ ಮುಗಿಯಿತು; ಬಟ್ಟಲಿನ ಮಾತು ನಾಲ್ಕುನೂರು ವರ್ಷ ಉಳಿಯಿತು. ಇವನ ಮಗ ಷಹಜಹಾನನಿಗಾಗಿ 1657ರಲ್ಲಿ ಬಿಳಿಯ ಹರಳುಕಲ್ಲಿನಿಂದ ಕಡೆದ ಬಟ್ಟಲು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಆಕಾರ ಸೀಳಿದ ಸೋರೆಕಾಯಿಯದು, ಪಾದ ಕಮಲದ್ದು, ಹಿಡಿಯ ತುದಿಯಲ್ಲಿ ಆಡಿನ ತಲೆ. ಮರುವರ್ಷವೇ ಆ ದೊರೆ ಸಿಂಹಾಸನವನ್ನು ಕಳೆದುಕೊಂಡನು. ಬಟ್ಟಲಿಗೆ ಒಂದು ಬಿರುಕೂ ಬರಲಿಲ್ಲ.

ಆದಕಾರಣ ನನ್ನ ಮೊದಲನೆಯ ನಿರ್ಣಯ ಹೀಗಾಯಿತು: ಕೊಡುವುದಾದರೆ ಪಾನವನ್ನು ಕೊಡಬಾರದು, ಪಾತ್ರೆಯನ್ನು ಕೊಡಬೇಕು. ಇನ್ನು ಯಾವ ಪಾತ್ರೆ ಎಂಬುದು ಪ್ರಶ್ನೆ. ಹುಡುಗಿ ತನ್ನ ದೂರವಾಣಿಯಲ್ಲಿ ಅಲ್ಲಿಯ ಅಂಗಡಿಗಳ ಚಿತ್ರಗಳನ್ನು ತೋರಿಸುತ್ತ ಒಂದೊಂದರ ಉಪಯೋಗವನ್ನು ವಿವರಿಸಿದಳು. ಕೇಳುತ್ತ ಕೇಳುತ್ತ ನನಗೆ ಕುತೂಹಲ ಹೆಚ್ಚಿತು. ದ್ರಾಕ್ಷಾರಸದ ಬಟ್ಟಲಿಗೆ ಉದ್ದನೆಯ ಕಾಂಡವಿರುವುದು ಅಂಗೈಯ ಬಿಸಿ ರಸಕ್ಕೆ ತಗುಲದಿರಲೆಂದು. ಮೇಲ್ಭಾಗ ಮೊಗ್ಗಿನಂತೆ ಒಳಕ್ಕೆ ಬಾಗಿರುವುದು ಪರಿಮಳ ಚೆದುರದಿರಲೆಂದು. ಮೂರನೆಯ ಒಂದು ಭಾಗ ತುಂಬಿದರೆ ಸಾಕು. ಕಂಠಪೂರ್ತಿ ತುಂಬಿದರೆ ಪರಿಮಳ ನಿಲ್ಲಲು ಎಡೆಯೇ ಇರದು. ಹಳೆಯ ಕೆಂಪು ರಸದ ಗಷ್ಟನ್ನು ತಳದಲ್ಲಿ ಬಿಟ್ಟು ತಿಳಿಯನ್ನು ಬಗ್ಗಿಸಿಕೊಳ್ಳಲು ಅಗಲತಳದ ಹೂಜಿಯೊಂದುಂಟು. ಬಿರಡೆಯನ್ನು ತೆಗೆಯುವ ತಿರುಗುಮೊಳೆಗೆ ಇಂಗ್ಲೆಂಡಿನಲ್ಲಿ ಮೊದಲು ಹಕ್ಕುಪತ್ರ ಪಡೆದವನು, 1795ರಲ್ಲಿ, ಸಾಮ್ಯುಯಲ್ ಹೆನ್‌ಷಾಲ್ ಎಂಬ ಪಾದ್ರಿಯಂತೆ! ಪುರೋಹಿತರಾದವರು ಈ ವಿಷಯದಲ್ಲಿ ಬಾಯಿಹಾಕಬಾರದೆಂದು ಇನ್ನು ನನ್ನ ತಂಗಿ ಹೇಳುವಂತಿಲ್ಲ.

ಜರ್ಮನಿಯ ಬೀರಿನ ಲೋಟಗಳಲ್ಲಿ ಒಂದು ವಿಶೇಷವುಂಟು. ಅಲ್ಲಿಯ ಅಂಗಡಿಗಳಲ್ಲಿ ಕೊಡುವ ಲೋಟದ ಮೇಲೆ ಒಂದು ಸಣ್ಣ ಗೆರೆಯೂ, ಪಕ್ಕದಲ್ಲಿ ಅರ್ಧ ಲೀಟರು ಮುಂತಾದ ಅಳತೆಯೂ ಇರಲೇಬೇಕೆಂಬುದು ಕಾನೂನು. ಬರಿಯ ನೊರೆ ತುಂಬಿ ಮೋಸಮಾಡದಿರಲೆಂಬುದು ಅದರ ಉದ್ದೇಶ. ಮಾರುವವನಿಗೆ ಅದು ಕೆಳಗಿನ ಎಲ್ಲೆ. ಕುಡಿಯುವವನು ಮನಸ್ಸು ಮಾಡಿದರೆ ಅದನ್ನೇ ಮೇಲಿನ ಎಲ್ಲೆಯಾಗಿಯೂ ಮಾಡಿಕೊಳ್ಳಬಹುದು. ಕಾಕ್‌ಟೇಲು ಬೆರೆಸುವವರ ಬಳಿ ಡಮರುವಿನ ಆಕಾರದ ಪುಟ್ಟ ಅಳತೆಯೊಂದಿರುತ್ತದೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಅದರ ಒಂದು ಮುಖ 60 ಮಿಲಿಲೀಟರು, ಇನ್ನೊಂದು 30. ಈ ಬೆರಕೆಯ ವಿದ್ಯೆಯಲ್ಲಿ ನಮಗೂ ಸ್ವಲ್ಪ ಪಾಲಿದೆ. ಪಂಚ್ ಎಂಬ ಪಾನೀಯದ ಹೆಸರು ನಮ್ಮ 'ಪಂಚ' ಶಬ್ದದಿಂದಲೇ ಬಂದಿತೆಂಬುದು ಬಹುಜನಸಮ್ಮತವಾದ ಪಕ್ಷ. ಮದ್ಯ, ಸಕ್ಕರೆ, ನಿಂಬೆ, ನೀರು, ಸಂಬಾರ ಇವೇ ಐದು. ಈಸ್ಟ್ ಇಂಡಿಯಾ ಕಂಪೆನಿಯವರ 1632ರ ಪತ್ರದಲ್ಲಿ ಆ ಹೆಸರು ಕಾಣುತ್ತದೆ.

ಪಾತ್ರೆಯ ಮಹಿಮೆಯನ್ನು ಪೂರ್ಣವಾಗಿ ತಿಳಿದವರು ಗ್ರೀಕರು. ಸಾಮೋಸ್ ದ್ವೀಪದಲ್ಲಿ ಪೈಥಾಗೊರಸನ ಹೆಸರಿನ ಬಟ್ಟಲನ್ನು ಇಂದಿಗೂ ಮಾರುತ್ತಾರೆ. ನಡುವೆ ಒಂದು ಕಂಬ. ಅದರೊಳಗೆ ಬಾಗಿದ ನಳಿಗೆ. ಗೆರೆಯವರೆಗೆ ತುಂಬಿದರೆ ರಸ ನಿಲ್ಲುತ್ತದೆ. ಗೆರೆ ದಾಟಿತೋ, ತುಂಬಿದುದೆಲ್ಲವೂ ತಳದ ರಂಧ್ರದಿಂದ ಸೋರಿಹೋಗುತ್ತದೆ. ನಮ್ಮಲ್ಲಿ ಇದೇ ಯುಕ್ತಿಯಿಂದ ಮಾಡಿದ ಹಿತ್ತಾಳೆಯ ವಸುದೇವನ ಬಟ್ಟಲನ್ನು ನೋಡದವರು ವಿರಳ: ನೀರು ಏರಿ ಶಿಶುಕೃಷ್ಣನ ಪಾದವನ್ನು ಮುಟ್ಟಿದೊಡನೆ ಯಮುನೆ ಇಳಿಯುತ್ತಾಳೆ. ನನ್ನ ಶಾಲೆಯ ವಿಜ್ಞಾನದ ಉಪಾಧ್ಯಾಯರು ಅದನ್ನು ತೋರಿಸಿದಾಗ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ದೇವರಿರುವ ಬಟ್ಟಲನ್ನು ಮದ್ಯಕ್ಕಾಗಿ ಕಳುಹಿಸಲು ನನಗೆ ಮನಸ್ಸೊಪ್ಪದು. ಸಾಮೋಸಿನದನ್ನು ಕೊಳ್ಳುವ ಅವಕಾಶವಿರುವವರು ಧಾರಾಳವಾಗಿ ಕೊಡಬಹುದು. ಪಾನಪ್ರಿಯನಿಗೆ ಬೇಸರವಾಗದಂತೆ ಬುದ್ಧಿಹೇಳುವ ಗುರು ಅದು.

ಅಂದವನ್ನು ನೋಡುವಾಗ ದ್ರವ್ಯಗುಣವನ್ನು ಮರೆಯಬಾರದು. ತಾಮ್ರದ ಲೋಟದಲ್ಲಿ ನಿಂಬೆರಸ ಬೆರೆತ ಪಾನವನ್ನು ಕೊಡುವ ಪದ್ಧತಿ ಅಮೆರಿಕದಲ್ಲಿ 1940ರ ದಶಕದಲ್ಲಿ ಹಬ್ಬಿತು. ಹುಣಿಸೆಹುಳಿಯ ಸಾರನ್ನು ಕಲಾಯಿಯಿಲ್ಲದ ಪಾತ್ರೆಯಲ್ಲಿಟ್ಟರೆ ಏನಾಗುವುದೆಂದು ನಮ್ಮ ಅಜ್ಜಿಯರೆಲ್ಲ ಬಲ್ಲರು. ಆದ್ದರಿಂದ ತಾಮ್ರದ ಲೋಟ ಕೊಡುವವರು ಒಳಗೆ ಕಲಾಯಿಯೋ ಉಕ್ಕಿನ ಪದರವೋ ಇರುವುದನ್ನೇ ಕೊಡಬೇಕು. ಸೀಸ ಬೆರೆತ ಹೊಳೆಯುವ ಗಾಜಿನ ಹೂಜಿಯೂ ಹಾಗೆಯೇ. ಅದರಲ್ಲಿ ಮದ್ಯವನ್ನು ತಿಂಗಳುಗಟ್ಟಲೆ ಇಟ್ಟರೆ ಸೀಸ ಅದರಲ್ಲಿ ಇಳಿಯುತ್ತದೆ. ನಮ್ಮ ಬೀದರಿನ ಕುಶಲಿಗಳು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕಹೊಯ್ದು, ಬೆಳ್ಳಿಯ ಎಳೆಗಳನ್ನು ಕೂರಿಸಿ, ಅಲ್ಲಿಯ ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಕೆಲಸಕ್ಕೆ ಸಾಟಿಯಿಲ್ಲ. ಆದರೆ ಸತುವಿಗೂ ಹುಳಿಗೂ ಆಗದು. ಬಿದರಿಯ ತಟ್ಟೆಯನ್ನು ಕೊಡಬಹುದು, ಬಟ್ಟಲನ್ನಲ್ಲ.

ಎರಡು ದಿನದ ಮೇಲೆ ಹುಡುಗಿಗೆ ನನ್ನ ಪಟ್ಟಿಯನ್ನು ಒಪ್ಪಿಸಿದೆನು. ಅಜ್ಜನಿಗೆ ಬಟ್ಟಲುಗಳನ್ನು ಇಟ್ಟುಕೊಳ್ಳಲು ಬಿದರಿಯ ತಟ್ಟೆ. ಮಗನಿಗೆ ಮ್ಯೂನಿಕ್ಕಿಗೆ ಬೀರಿನ ಲೋಟ ಒಯ್ಯುವುದು ತೋಟದವನಿಗೆ ತೆಂಗಿನಕಾಯಿ ಒಯ್ದಂತೆ; ಅವನಿಗೆ ಚನ್ನಪಟ್ಟಣದ ಅರಗಿನ ಡಬ್ಬಿ, ಅದರ ತುಂಬ ನನ್ನ ತಂಗಿ ಕರಿದ ಕೋಡುಬಳೆ. ಆಹಾರದೊಡನೆ ಪಾನವೆಂಬುದು ಚರಕನ ಮತ; ಬವೇರಿಯದವರೂ ಬೀರಿನೊಡನೆ ಉಪ್ಪು ಉದುರಿಸಿದ ಹೆಣೆದ ರೊಟ್ಟಿಯನ್ನು ತಿನ್ನುವವರೇ. ಸೊಸೆಗೆ, ಸರಿಯಾಗಿ 30 ಮಿಲಿಲೀಟರು ಹಿಡಿಯುವ ಬೆಳ್ಳಿಯ ಒಳಲೆ.

ಇದನ್ನು ಕೇಳಿ ತಂಗಿಗೆ ಕೋಪ ಬಂದಿತು. "ಕೂಸಿಗೆ ಹಾಲು ಹಾಕುವ ಒಳಲೆಯಲ್ಲಿ ಹೆಂಡ ಅಳೆಯುವುದೇ, ಅಣ್ಣ? ಓದಿದವರು ನೀವು!" ಎಂದಳು. ನಾನು ಹೇಳಿದೆನು: "ಒಳಲೆಯಲ್ಲಿ ಹಾಲನ್ನೂ ಹಾಕುತ್ತೀರಿ, ಔಷಧವನ್ನೂ ಹಾಕುತ್ತೀರಿ. ಎರಡರಲ್ಲೂ ಹನಿಯ ಲೆಕ್ಕ ತಪ್ಪದು. ಲೆಕ್ಕವಿಟ್ಟು ಹೊಯ್ಯುವ ಕೈ ಮನೆಯನ್ನು ಮುಳುಗಿಸುವುದಿಲ್ಲ. ಆ ಸಾರಾಯಿ ಅಂಗಡಿಯಲ್ಲಿ ಇಲ್ಲದೆಹೋದದ್ದು ಅದೇ ಅಲ್ಲವೇ?" ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೆಯದನ್ನು ಕೊಡಲಾರೆ. ಹೊಸದನ್ನು ಮಾಡಿಸಿ" ಎಂದಳು. ಅಕ್ಕಸಾಲೆಯವನು ನಾಲ್ಕು ದಿನದಲ್ಲಿ ಮಾಡಿಕೊಟ್ಟನು.

ಇಷ್ಟು ಬರೆದಮೇಲೂ, ಪಾನಪ್ರಿಯರೆಲ್ಲರಿಗೂ ಇಂಥವನ್ನು ಕೊಡಿರೆಂದು ನಾನು ಹೇಳಿದೆನೆಂದು ವಾಚಕರು ಎಣಿಸಬಾರದು. ಮೊದಲು ಹೇಳಿದ ಪಾತ್ರದ ಇನ್ನೊಂದು ಅರ್ಥ, ಎಂದರೆ ಪಡೆಯುವವನು, ಇಲ್ಲಿ ಎದ್ದುನಿಲ್ಲುತ್ತಾನೆ. ಅವನ ಕೈಯಲ್ಲಿ ಬಟ್ಟಲಿದೆಯೋ, ಬಟ್ಟಲಿನ ಕೈಯಲ್ಲಿ ಅವನಿದ್ದಾನೆಯೋ, ಕೊಡುವವನು ತಿಳಿದಿರಬೇಕು. ಅವನ ಹೆಂಡತಿಯ ಮುಖವನ್ನು ಒಮ್ಮೆ ನೋಡಿದರೆ ಇದು ಸಾಮಾನ್ಯವಾಗಿ ತಿಳಿದುಬಿಡುತ್ತದೆ. ಎರಡನೆಯ ಜಾತಿಯವನಿಗೆ ಚಿನ್ನದ ಬಟ್ಟಲನ್ನು ಕೊಟ್ಟರೂ ಅದು ದಾನಿಯಾಲನ ಬಂದೂಕೇ ಸರಿ.

ನನ್ನೊಡನೆ ಕೆಲಸಮಾಡಿದ ಉಪಾಧ್ಯಾಯರೊಬ್ಬರು ಹಲವು ವರ್ಷದ ಅಭ್ಯಾಸವನ್ನು ಬಹು ಕಷ್ಟದಿಂದ ಬಿಟ್ಟರು. ಬಿಟ್ಟು ಒಂದು ವರ್ಷವಾಗುವಷ್ಟರಲ್ಲಿ ಅವರ ನಿವೃತ್ತಿ ಬಂದಿತು. ಬೀಳ್ಕೊಡುಗೆಯ ದಿನ ಕೆಲವರು ತಮಾಷೆಗೆಂದು ಆರು ಮದ್ಯದ ಗಾಜಿನ ಲೋಟಗಳನ್ನು ಬಣ್ಣದ ಕಾಗದದಲ್ಲಿ ಸುತ್ತಿ ಕೊಟ್ಟರು. ಸಭೆ ನಕ್ಕಿತು. ಅವರು ಎರಡು ಕೈಯಲ್ಲೂ ಅದನ್ನು ಹಿಡಿದು ನಮಸ್ಕಾರಮಾಡಿ ಕುಳಿತರು. ಆ ಕೈ ನಡುಗುತ್ತಿದ್ದುದನ್ನು ಪಕ್ಕದಲ್ಲಿದ್ದ ನಾನು ಕಂಡೆನು. ಮುಂದಿನ ವಾರ ಅವರ ಮನೆಗೆ ಹೋದಾಗ ಆ ಲೋಟಗಳು ಅಲಮಾರಿನಲ್ಲಿಯೂ ಇರಲಿಲ್ಲ, ತಿಪ್ಪೆಯಲ್ಲಿಯೂ ಇರಲಿಲ್ಲ. ಅವರ ಪತ್ನಿ ಶುಂಠಿ ಕೊತ್ತಂಬರಿ ಹಾಕಿದ ನೀರುಮಜ್ಜಿಗೆಯನ್ನು ಅವುಗಳಲ್ಲೇ ತುಂಬಿ ತಂದು ಮುಂದಿಟ್ಟರು. "ಗಾಜು ಚೆನ್ನಾಗಿದೆ, ನೋಡಿ" ಎಂದು ಮೇಷ್ಟರು ಒಂದನ್ನು ಬೆಳಕಿಗೆ ಹಿಡಿದರು. ನಾವು ಮೂವರೂ ನಿಧಾನವಾಗಿ ಕುಡಿದೆವು.